ತಲೆಕೆಳಗಾದ ಮಾವಿನಕಾಯಿ ಜಡೆ

ಬೆರಳ ಗಂಟುಗಳು ಊದಿಕೊಂಡು ಸೂಜಿ ಹಿಡಿಯುವುದಕ್ಕೇ ಆಗದಂತಾದ ಮೇಲೆ ಅಂಗಡಿಯ ಬೀಗದ ಕೈಯನ್ನು ರೇಖಾಳಿಗೆ ಕೊಟ್ಟು ನಾನು ಮನೆಯಲ್ಲಿ ಕುಳಿತೆ. ಕುಳಿತೆ ಅನ್ನುವುದು ಬರೀ ಹೆಸರಿಗೆ. ಚಿತ್ರದುರ್ಗದ ಯಾವ ಪಾರ್ಲರಿನಲ್ಲಿ ಮದುವೆ ಹೆಣ್ಣಿನ ಜಡೆ ಜಾರಿದರೂ ಮೊದಲ ಫೋನು ಬರುವುದು ನನಗೇ. ಬ್ಯೂಟಿಷಿಯನ್ ಕೋರ್ಸು ಮುಗಿಸಿ ಬಂದ ಹುಡುಗಿಯರು "ಜಯಕ್ಕ, ನಿಮ್ಮ ಅನುಭವ ಹೇಳ್ರಿ" ಅನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಮೊಬೈಲು ನೋಡಲು ಶುರು ಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವುದಿದ್ದರೆ ಓದಲಿ, ಬಿಟ್ಟರೆ ಅವರ ಹಣೆಬರಹ.

ನನ್ನ ಕಸುಬು ಮೊಗ್ಗಿನ ಜಡೆ. ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಪೋಣಿಸಿ, ನಡುನಡುವೆ ಕನಕಾಂಬರ, ಮರುಗ, ಪಚ್ಚೆತೆನೆ ಸೇರಿಸಿ, ಹೆಣ್ಣಿನ ನೆತ್ತಿಯಿಂದ ಸೊಂಟದವರೆಗೆ ಇಳಿಬಿಡುವ ಜಡೆ. ಒಂದು ಕಾಲದಲ್ಲಿ ಅದಿಲ್ಲದೆ ಮದುವೆಯೇ ಇರಲಿಲ್ಲ. ಆಮೇಲೆ ಒಂದು ಕಾಲ ಬಂತು, ಆ ಹೆಸರು ಹೇಳಿದರೆ ಜನ ನಗುತ್ತಿದ್ದರು. ಈಗ ಮತ್ತೆ ಅದೇ ಬೇಕು. ಮೂರೂ ಕಾಲವನ್ನು ನಿಂತು ನೋಡಿದವಳು ನಾನು. ಹಳೆಯದು ಯಾಕೆ ತಿರುಗಿ ಬರುತ್ತದೆ ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಆದರೆ ಮೊದಲು ರೇಖಾಳ ವಿಷಯ.

ಹಿರಿಯೂರಿನ ಹತ್ತಿರ ಹೈವೇಯಲ್ಲಿ ಬೈಕು ಅಪಘಾತವಾಗಿ ಅವಳ ಗಂಡ ಹೋದ. ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಕೆಲಸ ಕೇಳಿಕೊಂಡು ಬಂದಳು. ಆ ಹುಡುಗಿಯ ಬೆರಳು ಓಡುವುದನ್ನು ನೋಡಿ ನನಗೇ ಹೊಟ್ಟೆಕಿಚ್ಚಾಯಿತು ಅಂದರೆ ನಂಬಿ. ಅಂಗಡಿ ಕೊಡುವುದು ನನ್ನ ಕೈಯಲ್ಲಿತ್ತು, ಕೊಟ್ಟೆ. ಆದರೆ ಮದುಮಗಳ ತಲೆ ಮುಟ್ಟಲು ಅವಳನ್ನು ಬಿಡುವುದು ಜನರ ಕೈಯಲ್ಲಿತ್ತು. ಗಂಡ ಸತ್ತವಳು ಶುಭಕಾರ್ಯದಲ್ಲಿ ಹೆಣ್ಣಿಗೆ ಹೂವು ಮುಡಿಸಬಾರದು ಎಂಬುದನ್ನು ನಮ್ಮ ಕಡೆ ಬಾಯಿ ಬಿಟ್ಟು ಹೇಳುವವರು ಕಡಿಮೆಯಾಗಿದ್ದಾರೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಕಡಿಮೆಯಾಗಿಲ್ಲ. ಒಂದೇ ಒಂದು ಮದುವೆಯಲ್ಲಿ ಅವಳನ್ನು ಹೊರಗೆ ಕೂರಿಸಿದರೆ ಸಾಕು, ಮಾತು ನಾಲ್ಕಾರು ತಾಲ್ಲೂಕಿಗೆ ಹಬ್ಬಿ ಅಂಗಡಿ ಮುಚ್ಚಿದ ಹಾಗೆಯೇ. ಅವಳೂ ಅವಳ ಮಗಳೂ ಉಣ್ಣುವುದು ಆ ಅಂಗಡಿಯಿಂದ.

ಇದು ನನಗೆ ಹೊಸ ವಿಷಯವಲ್ಲ. ನನಗೆ ಕಸುಬು ಕಲಿಸಿದ ತಿಪ್ಪಮ್ಮನ ಬದುಕೇ ಹೀಗಿತ್ತು.

ತಿಪ್ಪಮ್ಮ ಹೊಸದುರ್ಗದಲ್ಲಿ ನಮ್ಮ ಎದುರು ಮನೆಯವಳು, ಹೂಗಾರರ ಸೊಸೆ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಹೂವು ಮುಡಿಯುವಂತಿಲ್ಲ, ಹೂವು ಕಟ್ಟದಿದ್ದರೆ ಊಟವಿಲ್ಲ. ಈ ನ್ಯಾಯ ಯಾವ ದೇವರು ಮಾಡಿದ್ದೋ ನಾನು ಕಾಣೆ. ಎಲ್ಲರೂ ಆಗ ಹೆಣ್ಣಿನ ಕೂದಲಿಗೇ ನೇರವಾಗಿ ಸೂಜಿ ದಾರ ಹಾಕಿ ಮೊಗ್ಗು ಹೊಲಿಯುತ್ತಿದ್ದರು. ಹೆಣ್ಣು ಅರ್ಧ ದಿನ ಕುತ್ತಿಗೆ ನೋವು ಸಹಿಸಿಕೊಂಡು ಕೂರಬೇಕು. ತಿಪ್ಪಮ್ಮನಿಗೆ ಹೆಣ್ಣಿನ ತಲೆ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ಅವಳು ಬೇರೆ ದಾರಿ ಹುಡುಕಿದಳು. ಬಾಳೆಪಟ್ಟೆಯನ್ನು ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನ ಮೇಲೂ ಮೊಗ್ಗನ್ನು ಹೊಲಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮದುವೆ ಮನೆಗೆ ತರುತ್ತಿದ್ದಳು. ಅಲ್ಲಿ ಯಾರಾದರೂ ಮುತ್ತೈದೆ ಆ ತುಂಡುಗಳನ್ನು ಒಂದರ ಕೆಳಗೆ ಒಂದು ಜಡೆಗೆ ಕಟ್ಟಿಬಿಟ್ಟರೆ ಮುಗಿಯಿತು.

ಇವತ್ತು ಕೋರ್ಸುಗಳಲ್ಲಿ ಇದನ್ನೇ ಕಲಿಸುತ್ತಾರೆ. ಎಷ್ಟು ಅನುಕೂಲ, ಫೋಟೋ ಆದ ತಕ್ಷಣ ಬಿಚ್ಚಿಡಬಹುದು ಎಂದು ಹೊಗಳುತ್ತಾರೆ. ಅದು ಅನುಕೂಲಕ್ಕೆ ಹುಟ್ಟಿದ್ದಲ್ಲ ತಾಯಂದಿರಾ. ನಮ್ಮ ಸೀಮೆಯಲ್ಲಿ ಅದನ್ನು ಹುಟ್ಟಿಸಿದವಳನ್ನು ಒಳಗೆ ಬಿಡಲಿಲ್ಲ, ಅದಕ್ಕೆ ಹುಟ್ಟಿತು.

ಆಗ ನನಗೆ ಮದುವೆಯಾಗಿರಲಿಲ್ಲ. ಹಿರಿಯೂರಿನಲ್ಲಿ ಪಾರ್ವತಿ ಎಂಬ ಹೆಣ್ಣಿನ ಮದುವೆಗೆ ಕರೆ ಬಂತು, ನಾನೂ ತಿಪ್ಪಮ್ಮನೂ ಬಸ್ಸಿನಲ್ಲಿ ಮಡಿಲ ಮೇಲೆ ತಟ್ಟೆ ಇಟ್ಟುಕೊಂಡು ಹೋದೆವು. ಅವತ್ತಿನ ಜಡೆಯಷ್ಟು ಚಂದದ್ದನ್ನು ತಿಪ್ಪಮ್ಮ ಮತ್ತೆಂದೂ ಮಾಡಲಿಲ್ಲ. ತುಂಡಿಗೊಂದು ಮಾವಿನಕಾಯಿ, ಬಿಳಿ ಮೊಗ್ಗಿನ ನಡುವೆ ಕನಕಾಂಬರದಲ್ಲಿ ತುಂಬಿದ್ದು. ಬಾಗಿದ ಚೂಪು ತುದಿ ಮೇಲೆ ಬರಬೇಕು, ದುಂಡು ಹೊಟ್ಟೆ ಕೆಳಗೆ, ಸೀರೆಯ ಅಂಚಿನಲ್ಲಿ ಇರುತ್ತದಲ್ಲ ಹಾಗೆ.

ತಿಪ್ಪಮ್ಮ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ತಟ್ಟೆಯನ್ನು ನಾನು ಒಳಗೆ ಒಯ್ದೆ. ಹೆಣ್ಣಿನ ದೊಡ್ಡಮ್ಮ ಮುಡಿಸಲು ಕುಳಿತರು. ದೊಡ್ಡ ಮನೆತನದ ಮುತ್ತೈದೆ, ಮೈತುಂಬ ಬಂಗಾರ, ಕೈಯಲ್ಲಿ ಮಾತ್ರ ಕಸುಬಿಲ್ಲ. ಮೊದಲ ತುಂಡನ್ನೇ ತಲೆಕೆಳಗು ಕಟ್ಟಿದರು. ನಾನು "ದೊಡ್ಡಮ್ಮಾರೆ, ಅದು" ಅನ್ನುವಷ್ಟರಲ್ಲಿ ಅವರು ನೋಡಿದ ನೋಟಕ್ಕೆ ನನ್ನ ನಾಲಿಗೆ ಒಳಗೇ ಹೋಯಿತು. ಓಡಿಹೋಗಿ ತಿಪ್ಪಮ್ಮನಿಗೆ ಹೇಳಿದೆ. ಅವಳು ಹಿತ್ತಲ ಕಿಟಕಿಗೆ ಬಂದು ನಿಂತು, ಸರಳಿನ ಸಂದಿಯಿಂದ ಕೈ ಹಾಕಿ, ತಿರುಗಿಸಿ ತಿರುಗಿಸಿ ಎಂದು ಸನ್ನೆ ಮಾಡಿದಳು. ಕೂಗಿದಳು ಕೂಡ. ಹೊರಗೆ ವಾಲಗದವರು ಕಿವಿ ಕಿತ್ತುಹೋಗುವ ಹಾಗೆ ಊದುತ್ತಿದ್ದರು, ಯಾರಿಗೆ ಕೇಳಬೇಕು? ಮದುಮಗಳು ಒಂದು ಸಲ ಕಿಟಕಿಯ ಕಡೆ ನೋಡಿದಳು, ಅಷ್ಟೇ.

ಫೋಟೋದವರು ಚಿತ್ರದುರ್ಗದ ಖಲೀಲ್ ಸಾಬರು. ಮೊಗ್ಗಿನ ಜಡೆ ಹಾಕಿದ ಮೇಲೆ ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸುವುದು ಆಗಿನ ಪದ್ಧತಿ. ಮುಂದೆ ಹೆಣ್ಣಿನ ಮುಖ, ಹಿಂದೆ ಕನ್ನಡಿಯಲ್ಲಿ ಜಡೆ, ಎರಡೂ ಒಂದೇ ಫೋಟೋದಲ್ಲಿ. ಅದಕ್ಕಾಗಿ ಸಾಬರು ಆಳೆತ್ತರದ ಕನ್ನಡಿಯೊಂದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು, ದಾರಿಯುದ್ದಕ್ಕೂ ಕಂಡಕ್ಟರನ ಜೊತೆ ಜಗಳವಾಡಿಕೊಂಡು ಬರುತ್ತಿದ್ದರು. ತಿಪ್ಪಮ್ಮನ ಮಾತು ಒಳಗೆ ಮುಟ್ಟುವ ಮೊದಲೇ ಫೋಟೋ ಆಗಿಹೋಗಿತ್ತು. ಕನ್ನಡಿಯ ತುಂಬ ತಲೆಕೆಳಗಾದ ಮಾವಿನಕಾಯಿಗಳು.

"ಇರ್ಲಿ ಬಿಡು. ಹೂವಿಗೇನ್ ತಲೆ ಬುಡ ಗೊತ್ತಾಗ್ತೈತೇನು" ಎಂದಳು ತಿಪ್ಪಮ್ಮ. ವಾಪಸು ಬರುವಾಗ ಬಸ್ಸಿನಲ್ಲಿ ಮಾತ್ರ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಹೊಸದುರ್ಗ ಬಂದಾಗ ಹೇಳಿದಳು: "ಒಳಗ್ ನಿಂದ್ರಿಸಿಕೊಂಡಿದ್ರೆ ಸಾಕಿತ್ತು ಕಣೆ ಜಯಾ. ಮುಟ್ಟದೂ ಬ್ಯಾಡ. ಬಾಯಲ್ಲಿ ಹೇಳಿದ್ರೂ ಆಗ್ತಿತ್ತು."

ಅವತ್ತಿನಿಂದ ಅವಳು ಪ್ರತಿ ತುಂಡಿನ ಮೇಲ್ತುದಿಗೆ ಕೆಂಪು ದಾರದ ಗಂಟು ಹಾಕತೊಡಗಿದಳು. ಯಾವ ಬಂಗಾರದ ದೊಡ್ಡಮ್ಮ ಕಟ್ಟಿದರೂ ಯಾವುದು ಮೇಲು ಯಾವುದು ಕೆಳಗು ಗೊತ್ತಾಗಲಿ ಎಂದು. ನಾನೂ ಅದನ್ನೇ ಕಲಿತೆ, ರೇಖಾಳಿಗೂ ಕಲಿಸಿದೆ. ಈಗಿನ ಹುಡುಗಿಯರು ಆ ಕೆಂಪು ಗಂಟನ್ನು ದೃಷ್ಟಿ ತಾಗದಿರಲೆಂದು ಹಾಕುವುದು ಅಂದುಕೊಂಡಿದ್ದಾರೆ.

ತಿಪ್ಪಮ್ಮ ಹೋದ ಮೇಲೆ, ನನಗೂ ಮದುವೆಯಾಗಿ, ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಯಜಮಾನರ ಜೊತೆ ಚಿತ್ರದುರ್ಗಕ್ಕೆ ಬಂದೆ. ಅಷ್ಟರಲ್ಲಿ ಕಾಲ ಬದಲಾಗಿತ್ತು. ನಾನು ಸೇರಿದ ಪಾರ್ಲರಿನ ಮೇಡಂ ಮೊದಲ ದಿನವೇ ನನ್ನ ಬಾಳೆನಾರಿನ ಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟರು. ಇದು ಪಾರ್ಲರು, ಹೂವಿನ ಅಂಗಡಿಯಲ್ಲ ಎಂದರು. ಆಗ ಎಲ್ಲರಿಗೂ ಗುಂಗುರು ಕೂದಲು ಬೇಕು. ಅಡ್ಡ ತುರುಬು ಬೇಕು, ಅದರ ಸುತ್ತ ಪ್ಲಾಸ್ಟಿಕ್ ಗುಲಾಬಿ ಬೇಕು. ಮೊಗ್ಗಿನ ಜಡೆ ಎಂದರೆ ಮದುಮಗಳೇ ಮೂಗು ಮುರಿಯುವಳು. ನಾನೇನು ಹಟ ಹಿಡಿಯಲಿಲ್ಲ. ಹೊಟ್ಟೆಪಾಡು, ಮೇಡಂ ಕಲಿಸಿದ್ದನ್ನೆಲ್ಲ ಕಲಿತೆ. ಮೇಡಂ ಬೈಗುಳದಲ್ಲಿ ಜೋರು, ಕಲಿಸುವುದರಲ್ಲೂ ಜೋರು. ಮುಖದ ಬಣ್ಣ ನೋಡಿ ಪೌಡರ್ ಆರಿಸುವುದನ್ನು ಅವರಷ್ಟು ಚೆನ್ನಾಗಿ ಹೇಳಿಕೊಟ್ಟವರು ಇಲ್ಲ.

ನನ್ನ ಅತಿ ದೊಡ್ಡ ಎಡವಟ್ಟು ನಡೆದದ್ದೂ ಅಲ್ಲೇ. ಒಬ್ಬ ಮದುಮಗಳಿಗೆ ಕೂದಲು ಮೋಟು, ಅದಕ್ಕೆ ಚೌರಿ ಸೇರಿಸಿ ಗುಂಗುರು ಮಾಡಬೇಕಿತ್ತು. ಆ ಚೌರಿ ನೈಲಾನಿನದೆಂದು ನನಗೆ ಹೊಳೆಯಲಿಲ್ಲ. ಬಿಸಿ ಕಂಬಿಗೆ ಸುತ್ತಿದೆ. ಸುತ್ತಿದ್ದು ಬಿಚ್ಚಲೇ ಇಲ್ಲ. ಇಡೀ ಪಾರ್ಲರಿಗೆ ಸುಟ್ಟ ಪ್ಲಾಸ್ಟಿಕ್ ಬಕೀಟಿನ ವಾಸನೆ ತುಂಬಿತು. ಕಂಬಿಯ ಸಮೇತ ಹೆಣ್ಣನ್ನು ಮಂಟಪಕ್ಕೆ ಕಳಿಸುವುದೊಂದು ಬಾಕಿ. ಕೊನೆಗೆ ಕತ್ತರಿಸಿ ತೆಗೆದು, ಆ ಜಾಗ ಮುಚ್ಚಲು ನಾನು ಓಡಿಹೋಗಿ ಒಂದಷ್ಟು ಮಲ್ಲಿಗೆ ತಂದು ತಿಪ್ಪಮ್ಮನ ಹಾಗೆ ಪೋಣಿಸಿ ಕಟ್ಟಿದೆ. ಗಂಡಿನ ಕಡೆಯವರು ತಲೆ ಅಲಂಕಾರ ಬಹಳ ಚೆನ್ನಾಗಿದೆ ಎಂದರಂತೆ. ಮೇಡಂ ಅದನ್ನು ಕೇಳಿಸಿಕೊಂಡೂ ಕೇಳದ ಹಾಗೆ ಇದ್ದರು.

ಆಮೇಲೆ ಸ್ವಂತ ಅಂಗಡಿ ಇಟ್ಟೆ. ಥರ್ಮೋಕೋಲಿನ ರೆಡಿಮೇಡ್ ಜಡೆಗಳ ಕಾಲ ಅದು, ಬಾಡಿಗೆಗೆ ತಂದು ಕಟ್ಟಿ ಸಂಜೆಗೆ ವಾಪಸು ಕೊಡುವುದು. ಒಂದೇ ಜಡೆ ಊರಿನ ಅರ್ಧ ಹೆಣ್ಣುಮಕ್ಕಳ ಬೆನ್ನು ನೋಡಿದ ಕಾಲ.

ತಿರುವು ಯಾವಾಗ ಬಂತೆಂದು ಕೇಳಿದರೆ ಒಂದು ದಿನ ಎಂದು ಹೇಳಲಾಗದು. ಒಬ್ಬಳು ಬಂದು ನಿಜವಾದ ಮೊಗ್ಗಿನಲ್ಲೇ ಮಾಡಿಕೊಡ್ತೀರಾ ಎಂದಳು. ಆಮೇಲೆ ಅವಳ ತಂಗಿ ಬಂದಳು. ಆಮೇಲೆ ನನಗೆ ಪುರುಸೊತ್ತೇ ಇಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರಿಗಳ ಮನೆಯವರಂತೂ ಹಳೆಯ ಕಾಲದ್ದಕ್ಕಿಂತ ಒಂದು ಕೈ ಮೇಲಿರಲಿ ಎಂದು ಜಡೆಗೆ ಅಡಿಕೆಯ ಹೂಗೊಂಚಲು, ಸಿಂಗಾರವನ್ನೂ ಸೇರಿಸಿ ಎಂದು ಹಟ ಹಿಡಿದರು. ಸಿಂಗಾರ ಪೂಜೆಗೆ ಸರಿ, ತಲೆಗೆ ಬೇಡಿ, ಪುಡಿ ಉದುರುತ್ತದೆ ಎಂದೆ. ಕೇಳಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಆ ಹುಡುಗಿಗೆ ಸೀನು ಹತ್ತಿತು. ಒಂದಲ್ಲ ಎರಡಲ್ಲ. ಪುರೋಹಿತರು ಮಂತ್ರ ನಿಲ್ಲಿಸಿ ನೋಡುತ್ತಾರೆ, ಗಂಡು ತಾಳಿ ಹಿಡಿದುಕೊಂಡು ನಿಂತಿದ್ದಾನೆ, ಇವಳು ಸೀನುತ್ತಿದ್ದಾಳೆ. ಅಪಶಕುನ ಎಂದು ಯಾರೋ ಗೊಣಗಿದರು. ಈಗ ಅವರಿಗೆ ಇಬ್ಬರು ಮಕ್ಕಳು, ಚೆನ್ನಾಗಿದ್ದಾರೆ. ಶಕುನದ ಕಥೆ ಇಷ್ಟೇ.

ಈಗ ಹೇಳುತ್ತೇನೆ ಕೇಳಿ, ಹಳೆಯದು ಯಾಕೆ ತಿರುಗಿ ಬರುತ್ತದೆ ಎಂದು. ನನ್ನ ಅಂಗಡಿಗೆ ಬಂದ ಒಬ್ಬ ಹುಡುಗಿಯೂ ತನ್ನ ಅಮ್ಮನ ಮದುವೆ ಫೋಟೋ ತೋರಿಸಿ ಇದೇ ಥರ ಮಾಡಿ ಎಂದಿಲ್ಲ. ಅಮ್ಮನ ಗುಂಗುರು ಕೂದಲು ನೋಡಿದರೆ ಮಗಳಿಗೆ ನಗು. ಎಲ್ಲರೂ ತರುವುದು ಅಜ್ಜಿಯ ಫೋಟೋ. ಅಮ್ಮನ ಜೊತೆ ಒಂದೇ ಮನೆಯಲ್ಲಿ ಬಾಚಣಿಗೆಗೆ, ಬಟ್ಟೆಗೆ, ಓದಿಗೆ ಜಗಳವಾಡಿ ಬೆಳೆದಿರುತ್ತಾರೆ. ಅಮ್ಮ ಇಷ್ಟಪಟ್ಟದ್ದೆಲ್ಲ ಸಪ್ಪೆ ಅನ್ನಿಸುತ್ತದೆ. ಅಜ್ಜಿಯ ಜೊತೆ ಜಗಳವಿಲ್ಲ, ಅಜ್ಜಿ ಬೈದದ್ದೂ ಮುದ್ದಿಗೇ. ಅದಕ್ಕೇ ಫ್ಯಾಷನ್ನು ಒಂದು ತಲೆಮಾರು ದಾಟಿಕೊಂಡು ಬರುತ್ತದೆ. ಗುಂಗುರು ಕೂದಲಿನ ಅಮ್ಮಂದಿರು ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮೊಮ್ಮಕ್ಕಳು ಬರುವವರೆಗೆ ಆಲ್ಬಮ್ ಹುಷಾರಾಗಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಗುಲಾಬಿಯೂ ಬರುತ್ತದೆ, ನೋಡುತ್ತಿರಿ.

ಇನ್ನೊಂದು ಮಾತೂ ಇದೆ. ತಿರುಗಿ ಬರುವಾಗ ಅದು ಒಂಟಿಯಾಗಿ ಬರುವುದಿಲ್ಲ. ಜಡೆ ಬಂದರೆ ಅದರ ಹಿಂದೆ ದೊಡ್ಡಮ್ಮಂದಿರೂ ಬರುತ್ತಾರೆ, ಯಾರು ಮುಟ್ಟಬೇಕು ಯಾರು ಮುಟ್ಟಬಾರದು ಎಂಬುದೂ ಬರುತ್ತದೆ. ಬ್ಯೂಟಿ ಪಾರ್ಲರಿನ ಕಾಲದಲ್ಲಿ ಕತ್ತರಿ ಹಿಡಿದವಳ ಗಂಡ ಇದ್ದಾನೋ ಸತ್ತಿದ್ದಾನೋ ಎಂದು ಯಾರೂ ಕೇಳಿರಲಿಲ್ಲ. ಜಡೆ ಬಂದದ್ದೇ ತಡ, ಕೇಳಲು ಶುರು ಮಾಡಿದರು.

ಅಂಗಡಿ ರೇಖಾಳ ಕೈಗೆ ಬಂದ ಮೇಲೆ ಮೊದಲ ದೊಡ್ಡ ಮದುವೆ ಹೊಳಲ್ಕೆರೆಯದ್ದು. ಸಹನಾ ಎಂಬ ಹುಡುಗಿ ಬಂದು ಮೊಬೈಲಿನಲ್ಲಿ ಒಂದು ಹಳೆಯ ಕಪ್ಪು ಬಿಳುಪು ಫೋಟೋ ತೋರಿಸಿದಳು. ಅವತ್ತು ನಾನೂ ಅಂಗಡಿಯಲ್ಲಿದ್ದೆ. ಮೊಬೈಲು ಇಸಿದುಕೊಂಡು ಕಣ್ಣ ಹತ್ತಿರ ಹಿಡಿದು ನೋಡಿದೆ. ಕನ್ನಡಿ, ಕನ್ನಡಿಯಲ್ಲಿ ಜಡೆ, ಜಡೆಯ ತುಂಬ ತಲೆಕೆಳಗಾದ ಮಾವಿನಕಾಯಿ. ಹಿರಿಯೂರಿನ ಪಾರ್ವತಿ ಈ ಹುಡುಗಿಯ ತಂದೆಯ ತಾಯಿ.

ಸಹನಾ ಆ ಫೋಟೋವನ್ನು ಯಾವಾಗಲೋ ಇನ್‌ಸ್ಟಾಗ್ರಾಮಿಗೆ ಹಾಕಿದ್ದಳಂತೆ. ಅದು ಎಲ್ಲೆಲ್ಲೋ ಓಡಾಡಿ, ಈಗ ದಾವಣಗೆರೆಯಲ್ಲೂ ತುಮಕೂರಿನಲ್ಲೂ ಹೆಣ್ಣುಮಕ್ಕಳು ಚಿತ್ರದುರ್ಗದ ಉಲ್ಟಾ ಮಾವು ಎಂದು ಹೆಸರಿಟ್ಟು ಮಾಡಿಸಿಕೊಳ್ಳುತ್ತಿದ್ದಾರಂತೆ. ನೂರಾರು ವರ್ಷದ ಸಂಪ್ರದಾಯ ಆಂಟಿ, ಕೋಟೆ ಆಳಿದವರ ಕಾಲದಿಂದ ಬಂದಿದ್ದಂತೆ ಎಂದಳು. ನಗು ತಡೆಯಲು ಬಾಯಿಗೆ ಸೆರಗು ಇಟ್ಟುಕೊಂಡೆ. ಒಬ್ಬ ದೊಡ್ಡಮ್ಮನ ಸೊಕ್ಕಿನಿಂದ ಆದ ತಪ್ಪು ಸಂಪ್ರದಾಯವಾಗಿ ಮೆರೆಯುತ್ತಿದೆ. ಹುಡುಗಿ ಅಷ್ಟು ಹೆಮ್ಮೆಯಿಂದ ಹೇಳುತ್ತಿದ್ದಳು, ಮದುವೆ ಮುಗಿದ ಮೇಲೆ ಹೇಳಿದರಾಯಿತು ಎಂದು ಸುಮ್ಮನಾದೆ. ಅವಳದು ಇನ್ನೊಂದು ಆಸೆ. ರೆಡಿ ಮಾಡಿ ತರುವುದು ಬೇಡ, ತನ್ನ ಕೂದಲಿಗೇ ಹೊಲಿಯಬೇಕು, ಹೊಲಿಯುವುದನ್ನು ವಿಡಿಯೋ ಮಾಡಿಸಬೇಕು. ಅಂದರೆ ರೇಖಾ ಎಷ್ಟು ಬೇಗ ಹೊಲಿದರೂ ಮದುಮಗಳ ಬೆನ್ನ ಹಿಂದೆ ಕ್ಯಾಮೆರಾ ಮುಂದೆ ಗಟ್ಟಿ ಎರಡು ಗಂಟೆ ಕೂರಬೇಕು. ರೇಖಾ ನನ್ನ ಮುಖ ನೋಡಿದಳು. ಒಪ್ಪಿಕೋ ಎಂದೆ.

ಮುಹೂರ್ತದ ದಿನ ಬೆಳಿಗ್ಗೆ ನಾವಿಬ್ಬರೂ ಹೊಳಲ್ಕೆರೆಯ ಕಲ್ಯಾಣ ಮಂಟಪಕ್ಕೆ ಹೋದೆವು. ಹೆಣ್ಣಿನ ಕೋಣೆಯಲ್ಲಿ ಸಹನಾ ಜಡೆ ಬಿಚ್ಚಿಕೊಂಡು ಕುಳಿತಿದ್ದಳು. ಖಲೀಲ್ ಸಾಬರ ಮೊಮ್ಮಗ ಕ್ಯಾಮೆರಾ ತಂದಿದ್ದ, ಅಜ್ಜನ ಅದೇ ಕನ್ನಡಿಯನ್ನೂ ತಂದಿದ್ದ. ಅಂಚಿನಲ್ಲಿ ಪಾದರಸ ಹೋಗಿ ಚುಕ್ಕೆ ಬಿದ್ದಿದೆ, ಆ ಚುಕ್ಕೆ ಇರುವುದಕ್ಕೇ ಈಗ ಬೇಡಿಕೆಯಂತೆ, ಕ್ಯಾಮೆರಾಕ್ಕಿಂತ ಕನ್ನಡಿಗೇ ಹೆಚ್ಚು ಕರೆ ಬರುತ್ತದಂತೆ. ಕೋಣೆಯ ಹಿಂಭಾಗದಲ್ಲಿ, ಸೂಟ್‌ಕೇಸುಗಳನ್ನು ಒಟ್ಟಿದ ಮೂಲೆಯಲ್ಲಿ, ಬಿಳಿ ತಲೆಯ ಒಬ್ಬರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ಹಣೆ ಬರಿದಾಗಿತ್ತು. ಪಾರ್ವತಮ್ಮ. ನನ್ನ ವಯಸ್ಸಿನವರೇ, ನನಗಿಂತ ಬಹಳ ಹಣ್ಣಾಗಿದ್ದರು. ನನ್ನ ಗುರುತು ಅವರಿಗೆ ಹತ್ತಲಿಲ್ಲ.

ರೇಖಾ ಸೂಜಿಗೆ ದಾರ ಪೋಣಿಸಿದ್ದಳು ಅಷ್ಟೇ. ಸಹನಾಳ ಸೋದರತ್ತೆ ಗಿರಿಜಾ, ಪಾರ್ವತಮ್ಮನ ಮಗಳು, ನನ್ನ ಕೈ ಹಿಡಿದು ಬಾಗಿಲ ಬಳಿ ಕರೆದರು. ಕೆಟ್ಟ ಹೆಂಗಸಲ್ಲ. ಬೆಳಗಿನಿಂದ ನಮಗೆ ಕಾಫಿ ತಿಂಡಿ ಕೊಟ್ಟು ನೋಡಿಕೊಂಡವರೇ ಅವರು. ಮೆಲ್ಲಗೆ ಹೇಳಿದರು:

"ನಂಗೇನ್ ಆ ಹುಡುಗಿ ಮ್ಯಾಲೆ ಸಿಟ್ಟಿಲ್ಲ ಜಯಕ್ಕ. ಶುಭಕಾರ್ಯ ನೋಡ್ರಿ. ನಾಳೆ ಏನಾರ ಹೆಚ್ಚುಕಮ್ಮಿ ಆದ್ರೆ ನೀನ್ ಅಲ್ಲೇ ಇದ್ದಲ್ಲ ಅಂತ ನನ್ನೇ ಅಂತಾರೆ. ನೀವು ಮುತ್ತೈದೆ ಇದ್ದೀರಿ, ನೀವೇ ಮುಡಿಸ್ರಿ."

ನಾನು ಉತ್ತರ ಕೊಡುವ ಮೊದಲೇ ರೇಖಾಳಿಗೆ ಕೇಳಿಸಿತ್ತು. ಅವಳು ಸೂಜಿಯನ್ನು ದಾರದುಂಡೆಗೆ ಚುಚ್ಚಿ, ಬ್ಯಾಗು ಎತ್ತಿಕೊಂಡು ಎದ್ದಳು. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅದೇ ನನಗೆ ತಡೆಯಲಾಗದ್ದು.

"ಇರ್ಲಿ ಬಿಡ್ರಿ ಅಕ್ಕ. ನಾನು ಹೊರಗ್ ಕುಂತು ಬಾಳೆಪಟ್ಟೆ ಮ್ಯಾಲೆ ಕಟ್ಟಿ ಕೊಡ್ತೀನಿ. ಕೆಂಪು ಗಂಟು ಹಾಕಿರ್ತೀನಿ, ಯಾರಾದ್ರೂ ಇಡಬಹುದು."

ಅದೇ 'ಇರ್ಲಿ ಬಿಡು'. ತಿಪ್ಪಮ್ಮನ ಬಾಯಲ್ಲಿ ಕೇಳಿದ್ದೇ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಬೆರಳು ಮಡಚುವುದಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ನಾನು ಹಾಗೆ ಹೇಳಲಿಲ್ಲ. ರೇಖಾಳ ಕೈಯಿಂದ ಬ್ಯಾಗು ಕಿತ್ತುಕೊಂಡು ಮಂಚದ ಮೇಲೆ ಇಟ್ಟೆ. ಸಹನಾಳ ಮೊಬೈಲು ಇಸಿದುಕೊಂಡು, ಆ ಫೋಟೋವನ್ನು ಗಿರಿಜಾರ ಮುಖದ ಮುಂದೆ ಹಿಡಿದೆ. ಈ ಮಾವಿನಕಾಯಿ ಯಾಕೆ ತಲೆಕೆಳಗಿದೆ ಗೊತ್ತೇನ್ರಿ ಎಂದು ಕೇಳಿ, ಇಡೀ ಕೋಣೆಗೆ ಕೇಳುವ ಹಾಗೆ ಎಲ್ಲವನ್ನೂ ಹೇಳಿದೆ. ತಿಪ್ಪಮ್ಮನನ್ನು ಹಿತ್ತಲಲ್ಲಿ ಕೂರಿಸಿದ್ದು, ದೊಡ್ಡಮ್ಮ ತಲೆಕೆಳಗು ಕಟ್ಟಿದ್ದು, ಕಿಟಕಿಯಿಂದ ಕೈ ಹಾಕಿ ಕೂಗಿದ್ದು, ವಾಲಗದ ಗದ್ದಲ, ಬಸ್ಸಿನಲ್ಲಿ ಅತ್ತದ್ದು. ಕೋಟೆ ಆಳಿದವರ ಕಾಲದ್ದಲ್ಲ ಇದು, ಕಟ್ಟಿದವಳನ್ನು ಹೊರಗಿಟ್ಟದ್ದಕ್ಕೆ ಆದದ್ದು ಎಂದೆ. ಸಹನಾಳ ಮುಖ ಸಪ್ಪಗಾಯಿತು. ಪಾಪ, ಅವಳು ಮದುಮಗಳು, ಇದೆಲ್ಲ ಈ ಹೊತ್ತಿನಲ್ಲಿ ಬೇಕಿತ್ತೇ ಎಂದು ನನಗೂ ಅನ್ನಿಸಿತು. ಆದರೆ ಇನ್ಯಾವ ಹೊತ್ತಿನಲ್ಲಿ ಹೇಳಲಿ?

ಆಮೇಲೆ ಮೂಲೆಯ ಕುರ್ಚಿಯಿಂದ ಪಾರ್ವತಮ್ಮ ಮಾತಾಡಿದರು.

"ಆ ಕಿಟಕಿ ನಂಗೆ ನೆಪ್ಪೈತೆ. ಒಬ್ಬಾಕೆ ಸರಳಿನಾಗೆ ಕೈ ಹಾಕಿ ಆಡಿಸ್ತಿದ್ಲು. ನಂಗೆ ಹರಸ್ತಾ ಅವಳೆ ಅನ್ಕಂಡಿದ್ದೆ. ಇವತ್ತಿನವರ್ಗೂ ಹಂಗೇ ಅನ್ಕಂಡಿದ್ದೆ."

ಅವರು ಮಗಳ ಕಡೆ ತಿರುಗಿದರು.

"ಗಿರಿಜಾ, ನಾನೆಲ್ಲಿ ಕುಂತೀನಿ ನೋಡು. ಮೊಮ್ಮಗಳಿಗೆ ನನ್ ಜಡೆ ಬೇಕು, ನಾನ್ ಮಾತ್ರ ಮೂಲೇಲಿರ್ಬೇಕು. ಹೆಂಗವ್ವ ಇದು?"

ತಾಯಿಯನ್ನು ಆ ಮೂಲೆಯಲ್ಲಿ ಕೂರಿಸಿದವರು ಗಿರಿಜಾರೇ ಇರಬೇಕು, ಅಥವಾ ತಾಯಿಯೇ ಹೋಗಿ ಕುಳಿತಿರಬೇಕು. ಇಂಥದ್ದರಲ್ಲಿ ಯಾರು ಕೂರಿಸಿದರು ಎಂದು ಯಾರಿಗೂ ನೆನಪಿರುವುದಿಲ್ಲ. ಸಹನಾ ಎದ್ದು, ಬಿಚ್ಚಿದ ಕೂದಲಲ್ಲೇ ಹೋಗಿ, ಅಜ್ಜಿಯನ್ನು ಕುರ್ಚಿಯ ಸಮೇತ ಎಳೆದುಕೊಂಡು ಬಂದು ಕನ್ನಡಿಯ ಪಕ್ಕ ಕೂರಿಸಿದಳು. ರೇಖಾಕ್ಕ, ಶುರು ಮಾಡ್ರಿ ಎಂದಳು.

ರೇಖಾ ಕೂಡಲೇ ಕೂರಲಿಲ್ಲ. ಗಿರಿಜಾರ ಮುಖ ನೋಡಿದಳು. ಗಿರಿಜಾ ಮೊಗ್ಗಿನ ತಟ್ಟೆ ಎತ್ತಿಕೊಂಡು ರೇಖಾಳ ಪಕ್ಕ ಬಂದು ನಿಂತರು. ಪೂರ್ತಿ ಮುಗಿಯುವವರೆಗೂ ಆ ತಟ್ಟೆಯನ್ನು ಕೆಳಗಿಡಲಿಲ್ಲ. ಕ್ಷಮೆ ಕೇಳಲಿಲ್ಲ, ನಾವೂ ನಿರೀಕ್ಷೆ ಮಾಡಲಿಲ್ಲ. ಹಿಡಿದು ನಿಂತರಲ್ಲ, ನನಗೆ ಅಷ್ಟು ಸಾಕು.

ಸೂಜಿ ಎತ್ತಿದ ರೇಖಾ ಪಾರ್ವತಮ್ಮನನ್ನು ಕೇಳಿದಳು: "ಅಜ್ಜಿ, ಮಾವಿನಕಾಯಿ ಹೆಂಗಿಡಾಣ? ಫೋಟೋದಾಗೆ ಇದ್ದಂಗಾ, ನೆಟ್ಟಗಾ?"

"ಈ ಸಲ ನೆಟ್ಟಗಿರ್ಲಿ ಮಗಾ. ಕಟ್ಟೋಳು ಒಳಗೇ ಇದ್ದಾಳಲ್ಲ."

ಜಡೆ ಮುಗಿಯುತ್ತಾ ಬಂದಾಗ ಖಲೀಲ್ ಸಾಬರ ಮೊಮ್ಮಗ ಕನ್ನಡಿ ನಿಲ್ಲಿಸಿ, ರೇಖಾಳಿಗೆ ಸ್ವಲ್ಪ ಪಕ್ಕಕ್ಕೆ ಬನ್ನಿ, ಕನ್ನಡಿಯಲ್ಲಿ ಕಾಣುತ್ತೀರಿ ಎಂದ. ಅವನ ತಪ್ಪಲ್ಲ, ಅಜ್ಜ ಕಲಿಸಿದ ಕೆಲಸ ಅದು. ಸಹನಾ ಕಾಣಲಿ ಬಿಡಿ ಎಂದಳು. ಆ ಫೋಟೋ ಈಗ ಅಂಗಡಿಯ ಗೋಡೆಯ ಮೇಲಿದೆ. ಮುಂದೆ ಸಹನಾಳ ಮುಖ, ಪಕ್ಕದಲ್ಲಿ ಅಜ್ಜಿ. ಕನ್ನಡಿಯಲ್ಲಿ ನೆಟ್ಟಗಿರುವ ಮಾವಿನಕಾಯಿಗಳು, ಕೊನೆಯ ಗಂಟು ಬಿಗಿಯುತ್ತಿರುವ ರೇಖಾ. ತಿಪ್ಪಮ್ಮನದು ಒಂದೂ ಫೋಟೋ ನನ್ನ ಹತ್ತಿರ ಇಲ್ಲ. ಇದನ್ನು ನೋಡಿದಾಗಲೆಲ್ಲ ಅವಳನ್ನೇ ನೋಡಿದ ಹಾಗಾಗುತ್ತದೆ.

ಊರಿಗೆ ಊರೇ ಬದಲಾಯಿತೆಂದು ನಾನು ಹೇಳುವುದಿಲ್ಲ. ಆಮೇಲೂ ಒಂದೆರಡು ಮನೆಯವರು ಗೊಣಗಿದರು, ಒಬ್ಬರು ಬೇರೆಯವರ ಹತ್ತಿರ ಹೋದರು. ಹೋದವರು ಹೋಗಲಿ, ಬರುವವರಿಗೇ ರೇಖಾಳಿಗೆ ಪುರುಸೊತ್ತಿಲ್ಲ. ತುಂಡಿಗೆ ಕೆಂಪು ಗಂಟು ಹಾಕುವುದನ್ನೂ ಬಿಟ್ಟಿದ್ದಾಳೆ. ಯಾವುದು ಮೇಲು ಎಂದು ಇನ್ನೊಬ್ಬರಿಗೆ ಹೇಳುವ ಅಗತ್ಯ ಅವಳಿಗೆ ಬೀಳುತ್ತಿಲ್ಲ.

ಹೋದ ವಾರ ಫೋನು ಮಾಡಿದಳು. ಹಿರಿಯೂರಿನಿಂದ ಒಬ್ಬ ಹುಡುಗಿ ಬಂದು ಉಲ್ಟಾ ಮಾವೇ ಬೇಕು, ಅದೇ ನಿಜವಾದ ಸಂಪ್ರದಾಯ ಎಂದು ಕುಳಿತಿದ್ದಾಳಂತೆ. ಕಥೆಯನ್ನೆಲ್ಲ ಹೇಳಿದರೂ ಕೇಳುತ್ತಿಲ್ಲವಂತೆ, ಏನು ಮಾಡಲಿ ಎಂದಳು.

"ಮಾಡಿಕೊಡೇ. ತಲೆಕೆಳಗೇ ಬೇಕಂದ್ರೆ ತಲೆಕೆಳಗೇ ಇಡು" ಎಂದೆ. "ಒಳಗ್ ಹೋಗಿ ಇಡು."